ಗೊಂಬೆ ಕಾಣದ ಡೈವ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆವತ್ತು ಬೆಳಿಗ್ಗೆ ನಾನು ಯಾರಿಗೂ ಹೇಳದೆ 2 ಕಿಲೋ ಸೀಸ ಜೇಬಿಗೆ ಹಾಕಿಕೊಂಡಿದ್ದೆ. ಗೈಡ್ ಆ ಕಡೆ ತಿರುಗಿ ಸಿಲಿಂಡರ್ ನೋಡುತ್ತಿದ್ದರು. ವ್ಯಾನಿನ ಹಿಂದೆ ಕ್ರೇಟಿನಲ್ಲಿ ವೇಟ್‌ಗಳು, ಅಂದರೆ ಡೈವ್ ಮಾಡುವವರು ಮುಳುಗಲಿಕ್ಕೆ ಕಟ್ಟಿಕೊಳ್ಳುವ ಸೀಸದ ಗಟ್ಟಿಗಳು, ಬಿದ್ದಿದ್ದವು. ಒಂದನ್ನೆತ್ತಿ, ಗಾಳಿ ತುಂಬಿದರೆ ತೇಲಿಸುವ ಡೈವಿಂಗ್ ಜಾಕೆಟ್ಟಿನ ಜೇಬಿಗೆ ಇಳಿಬಿಟ್ಟು ಜಿಪ್ ಎಳೆದೆ. ಇರಲಿ, ಒಂದಿಷ್ಟು ಜಾಸ್ತಿ ಇದ್ದರೆ ನಷ್ಟವೇನು ಅಂತ. ಏನು ನಷ್ಟ ಅನ್ನೋದು ಒಂದು ಗಂಟೆಯೊಳಗೆ ಗೊತ್ತಾಯಿತು.

ನಾವು ಹೋಗಿದ್ದು ಮೆಕ್ಸಿಕೋದ ಯುಕಾಟಾನ್ ಕಡೆಗೆ. ಟುಲೂಮ್ ಊರಿನಿಂದ ಉತ್ತರಕ್ಕೆ, 307ನೇ ಹೆದ್ದಾರಿಯಲ್ಲಿ ಸುಮಾರು 20 ಕಿ.ಮೀ. ಹೋಗಿ ಕಾಡಿನೊಳಕ್ಕೆ ತಿರುಗಿದರೆ ದೋಸ್ ಓಹೋಸ್ ಅನ್ನುವ ಸೆನೋಟೆ ಸಿಗುತ್ತದೆ. ಸ್ಪ್ಯಾನಿಷ್‌ನಲ್ಲಿ ಹಾಗೆಂದರೆ ಎರಡು ಕಣ್ಣು. ನನ್ನ ಭಾವಮೈದ ಮಾತ್ರ ದಾರಿಯುದ್ದಕ್ಕೂ ‘ದೋಸೆ, ಓಹೋ’ ಅಂತಲೇ ಕರೆಯುತ್ತಿದ್ದ. ನಾನಿರುವ ಹ್ಯೂಸ್ಟನ್‌ನಿಂದ ಕ್ಯಾಂಕೂನ್‌ಗೆ ವಿಮಾನದಲ್ಲಿ ಎರಡೂ ಚಿಲ್ಲರೆ ಗಂಟೆ. ಅವನು ಬೆಂಗಳೂರಿನಿಂದ ಬಂದಿದ್ದ. ಡೈವಿಂಗಿನಲ್ಲಿ ನನಗಿಂತ ಪಳಗಿದವನು.

ಆ ಸೀಮೆಯಲ್ಲಿ ನೆಲದ ಮೇಲೆ ಹರಿಯುವ ನದಿಯೇ ಇಲ್ಲ ಅನ್ನಬಹುದು. ನೆಲವೆಲ್ಲ ಸುಣ್ಣಕಲ್ಲು. ಬಿದ್ದ ಮಳೆ ಹಾಗೇ ಒಳಕ್ಕೆ ಇಂಗಿ, ಕಲ್ಲನ್ನು ಕರಗಿಸುತ್ತಾ, ನೆಲದಡಿಯಲ್ಲೇ ದಾರಿ ಮಾಡಿಕೊಂಡು ಸಮುದ್ರ ಸೇರುತ್ತದೆ. ಗುಹೆಯ ಚಾವಣಿ ಎಲ್ಲಿ ಕುಸಿಯಿತೋ ಅಲ್ಲಿ ನೀರು ಕಣ್ಣಿಗೆ ಬೀಳುತ್ತದೆ. ಅದೇ ಸೆನೋಟೆ. ಮೂಲತಃ ಅದು ಮಾಯಾ ಜನರ ಮಾತು. ಅವರಿಗೆ ಇದೇ ಕುಡಿಯುವ ನೀರು, ಇದೇ ಪೂಜೆಯ ಜಾಗ. ನಮ್ಮಲ್ಲಿ ಬಾವಿಗೆ ಗಂಗೆಪೂಜೆ ಮಾಡಿದ ಹಾಗೆ ಅವರು ಮಳೆ ದೇವರು ಚಾಕ್‌ಗೆ ಇಲ್ಲಿ ಕಾಣಿಕೆ ಬಿಡುತ್ತಿದ್ದರು. ಇವತ್ತಿಗೂ ಈ ಜಾಗ ಅಲ್ಲಿನ ಒಂದು ಮಾಯಾ ಹಳ್ಳಿಯವರ ಸಮುದಾಯದ ಜಮೀನು. ಗೇಟಿನಲ್ಲಿ ದುಡ್ಡು ತೆಗೆದುಕೊಳ್ಳುವವರೂ ಅವರೇ.

ನನ್ನ ಈಜಿನ ಬಗ್ಗೆ ಒಂದು ಮಾತು ಹೇಳಬೇಕು. ಇಲ್ಲದಿದ್ದರೆ ಆ ಸೀಸದ ಕಥೆ ಅರ್ಥವಾಗುವುದಿಲ್ಲ. ತಿಪಟೂರಿನ ಕಡೆ ತೋಟದ ಬಾವಿಯಲ್ಲಿ ಬೆಂಡು ಕಟ್ಟಿಕೊಂಡು ಕಲಿತ ಈಜು ನನ್ನದು. ಸೋದರಮಾವ ಮೇಲಿನಿಂದ ತಳ್ಳಿ, ‘ಕೈಕಾಲು ಬಡಿಯೋ, ಬಡಿಯೋ’ ಅಂತ ಕೂಗುತ್ತಿದ್ದರು. ಬಡಿದರೆ ಬದುಕು, ನಿಲ್ಲಿಸಿದರೆ ಮುಳುಗು. ಮೈಗೆ ಹತ್ತಿದ ಪಾಠ ಅದು. ಆಮೇಲೆ ಮುರುಡೇಶ್ವರದ ಹತ್ತಿರ ನೇತ್ರಾಣಿಯಲ್ಲಿ ಒಂದು ಸಲ ಡೈವ್ ಮಾಡಿ ರುಚಿ ನೋಡಿದೆ. ಅಂಡಮಾನಿನಲ್ಲಿ ಓಪನ್ ವಾಟರ್ ಅನ್ನುವ ಡೈವಿಂಗಿನ ಮೊದಲ ಕೋರ್ಸ್ ಮುಗಿಸಿದೆ. ಎಲ್ಲ ಮೇಷ್ಟ್ರುಗಳೂ ಹೇಳಿದ್ದು ಒಂದೇ: ಕೈ ಆಡಿಸಬೇಡಿ. ನಾನು ಆಡಿಸುತ್ತಲೇ ಇದ್ದೆ. ಸಮುದ್ರದಲ್ಲಿ ಅದು ನಡೆದುಹೋಗುತ್ತದೆ. ಸಮುದ್ರಕ್ಕೆ ಚಾವಣಿ ಇಲ್ಲವಲ್ಲ.

ಸೆನೋಟೆಯ ಪಾರ್ಕಿಂಗಿನಲ್ಲಿ ಮರದ ಮೇಜುಗಳಿವೆ. ಸಾಮಾನು ಜೋಡಿಸುವುದು ಅಲ್ಲೇ, ಪಾಠವೂ ಅಲ್ಲೇ. ನಮ್ಮ ಗೈಡ್ ನಲವತ್ತರ ಆಸುಪಾಸಿನ ಹೆಂಗಸು, ಮಾತು ಕಡಿಮೆ. ಪೂರ್ತಿ ಗುಹೆ ಡೈವಿಂಗ್ ಕಲಿತವರು. ಅವರ ಬೆನ್ನಿಗೆ ಎರಡು ಸಿಲಿಂಡರ್, ನಮಗೆ ಒಂದೊಂದು. ನಾವಿಬ್ಬರು, ಜೊತೆಗೆ ಜರ್ಮನಿಯ ಒಬ್ಬ ಹುಡುಗ. ಒಬ್ಬ ಗೈಡ್‌ಗೆ ನಾಲ್ಕು ಜನಕ್ಕಿಂತ ಹೆಚ್ಚು ಇರುವಂತಿಲ್ಲ.

ಅವರು ಮೊದಲು ಬಿಡಿಸಿ ಹೇಳಿದ್ದು ಕ್ಯಾವರ್ನ್ ಬೇರೆ, ಕೇವ್ ಬೇರೆ ಅಂತ. ನನಗೆ ಮನೆಯ ಲೆಕ್ಕದಲ್ಲಿ ಅರ್ಥವಾಯಿತು. ಕ್ಯಾವರ್ನ್ ಅಂದರೆ ಪಡಸಾಲೆ. ಬಾಗಿಲ ಬೆಳಕು ಸದಾ ಕಾಣುತ್ತಿರಬೇಕು. ಉಸಿರಾಡುವ ಗಾಳಿ ಸಿಗುವ ಜಾಗಕ್ಕೆ 60 ಮೀಟರಿಗಿಂತ ದೂರ ಹೋಗುವಂತಿಲ್ಲ. ಕೇವ್ ಅಂದರೆ ಒಳಗಿನ ಕತ್ತಲ ಕೋಣೆ. ಅದಕ್ಕೆ ಬೇರೆ ತರಬೇತಿ, ಬೇರೆ ಸಾಮಾನು. ನಮ್ಮಂಥವರಿಗೆ ಪಡಸಾಲೆ ಮಾತ್ರ.

ಆಮೇಲೆ ಗಾಳಿಯ ಲೆಕ್ಕ. ಮೂರನೇ ಒಂದು ಪಾಲು ಹೋಗಲಿಕ್ಕೆ, ಒಂದು ಪಾಲು ಬರಲಿಕ್ಕೆ, ಉಳಿದ ಒಂದು ಪಾಲು ಆಪತ್ತಿಗೆ. ಸಿಲಿಂಡರಿನಲ್ಲಿ ಗಾಳಿಯ ಒತ್ತಡ 200 ಬಾರ್ ಇದ್ದರೆ 130ರ ಸುಮಾರಿಗೆ ಮುಟ್ಟಿದ ಕೂಡಲೇ ಹೇಳಬೇಕು. ಅಲ್ಲಿಂದ ಎಲ್ಲರೂ ವಾಪಸ್. ಯಾರದಾದರೂ ಸರಿ. ಹೆಬ್ಬೆರಳು ಮೇಲೆತ್ತಿದರೆ ಡೈವ್ ಮುಗಿಯಿತು ಅಂತ ಅರ್ಥ. ಯಾಕೆ ಅಂತ ಯಾರೂ ಕೇಳುವಂತಿಲ್ಲ, ಮೇಲೆ ಬಂದ ಮೇಲೂ ಆಡಿಕೊಳ್ಳುವಂತಿಲ್ಲ. ಇದನ್ನು ಅವರು ಎರಡು ಸಲ ಹೇಳಿದರು.

ಟಾರ್ಚಿನ ಭಾಷೆಯೂ ಇದೆ. ಬೆಳಕನ್ನು ಗುಂಡಗೆ ಸುತ್ತಿಸಿದರೆ ‘ಸರಿಯಿದ್ದೇನೆ’. ಜೋರಾಗಿ ಆ ಕಡೆ ಈ ಕಡೆ ಆಡಿಸಿದರೆ ‘ತೊಂದರೆ’. ಹಾಗಾಗಿ ಸುಮ್ನೆ ಟಾರ್ಚ್ ಆಡಿಸಿಕೊಂಡು ಚಾವಣಿ ನೋಡುವ ಹಾಗಿಲ್ಲ. ಸ್ನಾರ್ಕೆಲ್ ಬೇಡ, ಚಾಕು ಬೇಡ, ಕೈಗವಸು ಬೇಡ. ಜೋತಾಡುವ ಗೇಜನ್ನೆಲ್ಲ ಮೈಗೆ ಅಂಟಿಸಿ ಕ್ಲಿಪ್ ಮಾಡಬೇಕು. ಕಾಲನ್ನು ಕಪ್ಪೆಯ ಹಾಗೆ ಅಗಲಿಸಿ ಒದೆಯಬೇಕು. ಕೆಳಕ್ಕೆ ಒದ್ದರೆ ತಳದ ಹೂಳು ಎದ್ದುಬಿಡುತ್ತದೆ.

ಕೊನೆಯದು ವೇಟ್. ಎರಡು ದಿನದ ಹಿಂದೆ ಕೊಜುಮೆಲ್ ಸಮುದ್ರದಲ್ಲಿ ಇದೇ 5 ಮಿ.ಮೀ. ದಪ್ಪದ ರಬ್ಬರ್ ಸೂಟಿಗೆ 7 ಕಿಲೋ ಕಟ್ಟಿಕೊಂಡಿದ್ದೆ. ಗೈಡ್ 5 ಕೊಟ್ಟರು. ಉಪ್ಪುನೀರಿಗಿಂತ ಸಿಹಿನೀರು ನೂರಕ್ಕೆ ಎರಡೂವರೆ ಪಾಲಿನಷ್ಟು ಹಗುರ. ಅದು ನಮ್ಮನ್ನು ಎತ್ತುವುದೂ ಅಷ್ಟು ಕಡಿಮೆ. ಮೈ, ಸಾಮಾನು ಸೇರಿ 100 ಕಿಲೋ ಅಂದುಕೊಂಡರೆ ಎರಡೂವರೆ ಕಿಲೋ ಸೀಸ ಉಳಿಯಿತು. ಲೆಕ್ಕ ನನಗೂ ಗೊತ್ತಿತ್ತು. ಆದರೂ ಹೆದರಿಕೆ. ಮುಳುಗದೆ ಚಾವಣಿಗೆ ಅಂಟಿಕೊಂಡುಬಿಟ್ಟರೆ? ಅದಕ್ಕೇ ಆ ಕಳ್ಳ ಗಟ್ಟಿ.

ಸನ್‌ಸ್ಕ್ರೀನು, ಸೊಳ್ಳೆ ಕ್ರೀಮು ಹಚ್ಚಿಕೊಂಡು ನೀರಿಗೆ ಇಳಿಯುವಂತಿಲ್ಲ, ಮೊದಲು ಶವರ್. ಆಮೇಲೆ ಸೂಟು ಏರಿಸಿ, ಸಿಲಿಂಡರ್ ಹೊತ್ತು, ಮರದ ಮೆಟ್ಟಿಲು ಇಳಿಯಬೇಕು. ಆ ಸೆಕೆಯಲ್ಲಿ ಅಷ್ಟರಲ್ಲೇ ಅರ್ಧ ಜೀವ ಹೋಗಿರುತ್ತದೆ. ನೀರು 25 ಡಿಗ್ರಿ. ಕಾಲಿಟ್ಟಾಗ ಹಾಯ್ ಅನ್ನಿಸಿತು.

ಮುಖ ಮುಳುಗಿಸಿದೆ. ನೀರು ಇದೆ ಅಂತಲೇ ಅನ್ನಿಸಲಿಲ್ಲ. ಅಷ್ಟು ತಿಳಿ. ಮುಂದೆ ಹೋಗುತ್ತಿದ್ದ ಜರ್ಮನ್ ಹುಡುಗ ಗಾಳಿಯಲ್ಲಿ ತೇಲುತ್ತಿದ್ದಾನೇನೋ ಅನ್ನುವ ಹಾಗೆ ಕಂಡ. ಹಿಂದೆ ತಿರುಗಿದರೆ ಗುಹೆಯ ಬಾಯಿ ನೀಲಿ ಪರದೆ. ಮುಂದೆ ಹಳದಿ ಹಗ್ಗ, ಕಲ್ಲಿಗೆ ಸುತ್ತಿ ಕಟ್ಟಿದ್ದು, ಬಾರ್ಬಿ ಲೈನ್ ಅಂತ ಹೆಸರು. ಸುಮಾರು 500 ಮೀಟರ್ ಸುತ್ತಿಕೊಂಡು ಬರುವ ದಾರಿ. ಆಳ 10 ಮೀಟರ್ ದಾಟುವುದಿಲ್ಲ. ದಾರಿಯಲ್ಲಿ ಯಾರೋ ಒಂದು ಬಾರ್ಬಿ ಗೊಂಬೆ ಇಟ್ಟಿದ್ದಾರೆ, ಪಕ್ಕದಲ್ಲಿ ಆಟದ ಮೊಸಳೆ. ಅದಕ್ಕೇ ಆ ಹೆಸರು. ಭಾವಮೈದ ಅದರ ಫೋಟೋ ತೆಗೆಯಬೇಕು ಅಂತಲೇ ಬಂದಿದ್ದ.

ಎರಡೂ ಕಡೆ ಕಲ್ಲಿನ ಕಂಬಗಳು, ಮೇಲಿನಿಂದ ಇಳಿಬಿದ್ದ ಸುಣ್ಣದ ಬಿಳಲುಗಳು. ದಾಂಡೇಲಿಯ ಕವಳ ಗುಹೆಯಲ್ಲಿ ಹೀಗೇ ತೊಟ್ಟಿಕ್ಕಿ ಬೆಳೆದ ಕಲ್ಲನ್ನು ಲಿಂಗ ಅಂತ ಪೂಜಿಸುವುದನ್ನು ನೋಡಿದ್ದೆ. ಇವು ಬೆಳೆಯಬೇಕಾದರೆ ತೊಟ್ಟಿಕ್ಕುವ ನೀರು ಬೇಕು, ಸುತ್ತ ಗಾಳಿ ಬೇಕು. ನೀರೊಳಗೆ ಬೆಳೆಯುವಂಥದ್ದಲ್ಲ. ಅಂದರೆ ನಾನು ತೇಲುತ್ತಿದ್ದ ಜಾಗದಲ್ಲಿ ಒಂದು ಕಾಲಕ್ಕೆ ಜನ ನಡೆದಾಡಬಹುದಿತ್ತು. ಹಿಮಯುಗದಲ್ಲಿ ಸಮುದ್ರ 100 ಮೀಟರಿಗಿಂತ ಕೆಳಗಿತ್ತು. ಹಿಮ ಕರಗಿ ಸಮುದ್ರ ಏರಿದಾಗ ಗುಹೆಗಳೂ ತುಂಬಿದವು.

ಇದನ್ನೆಲ್ಲ ಯೋಚಿಸುವ ಹೊತ್ತಿಗೆ ನಾನು ಕೆಳಗೆ ಹೋಗುತ್ತಿದ್ದೆ. ಭಾರ ಜಾಸ್ತಿ ಅಲ್ವಾ? ಜಾಕೆಟ್ಟಿಗೆ ಗಾಳಿ ತುಂಬಿದೆ. ಗುಹೆಯ ದಾರಿ ಏರುತ್ತಾ ಇಳಿಯುತ್ತಾ ಹೋಗುತ್ತದೆ. ಎರಡು ಮೀಟರ್ ಏರಿದ ಕೂಡಲೇ ಆ ಗಾಳಿ ಹಿಗ್ಗಿ ನನ್ನನ್ನು ಮೇಲೆತ್ತಿತು. ಸಿಲಿಂಡರಿನ ತಲೆ ಚಾವಣಿಗೆ ಟಣ್ ಅಂತ ಬಡಿಯಿತು. ಗಾಬರಿಯಲ್ಲಿ ಪೂರ್ತಿ ಗಾಳಿ ಬಿಟ್ಟೆ. ಈಗ ಕಲ್ಲಿನ ಹಾಗೆ ಇಳಿದೆ. ಮೊಣಕಾಲು ತಳಕ್ಕೆ ತಾಗಿತು. ಮಾವನ ಪಾಠ ನೆನಪಾಗದೆ ಇರುತ್ತದೆಯೇ? ಕೈಕಾಲು ಬಡಿದೆ.

ರಾಗಿ ಹಿಟ್ಟಿನ ಡಬ್ಬ ಕೆಳಗೆ ಬಿದ್ದರೆ ಹೇಗೆ ಏಳುತ್ತದೆ, ಹಾಗೆ ಎದ್ದಿತು ಹೂಳು. ಮೊದಲು ಮೊಣಕಾಲಿನ ಸುತ್ತ, ಆಮೇಲೆ ಸೊಂಟದವರೆಗೆ. ಅದರೊಳಗೆ ನನ್ನ ಟಾರ್ಚಿನ ಬೆಳಕು ಮಂಜಿನಲ್ಲಿ ಬಸ್ಸಿನ ಲೈಟಿನ ಹಾಗೆ ನಿಂತುಬಿಟ್ಟಿತು. ಅರ್ಧ ನಿಮಿಷವೂ ಇರಲಿಕ್ಕಿಲ್ಲ. ಗೈಡ್ ಬಂದು ನನ್ನ ಜಾಕೆಟ್ಟಿನ ಭುಜ ಹಿಡಿದು ಎತ್ತಿದರು, ಕಣ್ಣಲ್ಲಿ ಕಣ್ಣಿಟ್ಟು ನೋಡಿದರು, ತಮ್ಮ ಎರಡೂ ಕೈ ಕಟ್ಟಿ ತೋರಿಸಿದರು. ಕೈ ಕಟ್ಟಿಕೋ ಅಂತ. ಕಟ್ಟಿಕೊಂಡೆ. ಗೇಜ್ ನೋಡಿದೆ. 130. ಬೇರೆಯವರದು ಇನ್ನೂ 160ರ ಮೇಲಿತ್ತು.

ಹೇಳದೆ ಇನ್ನೆರಡು ನಿಮಿಷ ತಳ್ಳಬಹುದಿತ್ತು. ಗೊಂಬೆ ಇನ್ನೇನು ಹತ್ತಿರದಲ್ಲೇ ಇತ್ತಂತೆ. ಆದರೆ ಹೇಳಿದೆ. ಆ ದಿನ ನಾನು ಮಾಡಿದ ಮೊದಲ ಸರಿಯಾದ ಕೆಲಸ ಅದೇ. ಗೈಡ್ ಹೆಬ್ಬೆರಳು ಎತ್ತಿದರು, ಎಲ್ಲರೂ ತಿರುಗಿದೆವು. ಕ್ಯಾಮೆರಾ ಹಿಡಿದಿದ್ದ ಭಾವಮೈದನ ಮುಖ ಮಾಸ್ಕಿನೊಳಗೂ ಚೆನ್ನಾಗಿ ಕಾಣುತ್ತಿತ್ತು.

ವಾಪಸ್ ಬರುವಾಗ ಪಕ್ಕದ ಕತ್ತಲ ದಾರಿಯ ಬಾಯಲ್ಲಿ ಒಂದು ಬೋರ್ಡ್ ಕಂಡಿತು. ಕುಡುಗೋಲು ಹಿಡಿದ ಸಾವಿನ ಚಿತ್ರ, ಇಲ್ಲಿಂದ ಮುಂದೆ ಹೋಗಬೇಡಿ ಅನ್ನುವ ಮಾತು. ಹೋಗುವಾಗ ಅದನ್ನು ನಾನು ಗಮನಿಸಿಯೇ ಇರಲಿಲ್ಲ. ಅಷ್ಟು ನನ್ನ ಒದ್ದಾಟದಲ್ಲೇ ಮುಳುಗಿದ್ದೆ.

ಮೇಲೆ ಬಂದು ಜಾಕೆಟ್ ಬಿಚ್ಚುವಾಗ ಗೈಡ್ ಜೇಬು ಮುಟ್ಟಿ ನೋಡಿದರು. ಗಟ್ಟಿ ತೆಗೆದು ಮೇಜಿನ ಮೇಲಿಟ್ಟರು. ಬೈಯಲಿಲ್ಲ. ‘ಇದು ನಿಮ್ಮ ಗಾಳಿ ಕುಡಿಯಿತು’ ಅಂದರು ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಮಧ್ಯೆ ಒಂದು ಗಂಟೆ ಬಿಡುವು. ಜೋಳದ ಸಣ್ಣ ರೊಟ್ಟಿಯಲ್ಲಿ ಕಾಳಿನ ಪಲ್ಯ, ಬೆಣ್ಣೆಹಣ್ಣು. ಅವರ ಜೋಳ ಅಂದರೆ ನಮ್ಮ ಮೆಕ್ಕೆಜೋಳ. ಮಾತು ನೆಲದಡಿಯ ಲೋಕದ ಕಡೆ ಹೋಯಿತು. 2018ರ ಜನವರಿಯಲ್ಲಿ ದೋಸ್ ಓಹೋಸ್ ಜಾಲವೂ ಪಕ್ಕದ ಸಾಕ್ ಆಕ್ತುನ್ ಜಾಲವೂ ಒಂದೇ ಅಂತ ಡೈವರ್‌ಗಳು ತೋರಿಸಿಕೊಟ್ಟರು. ಆಗಲೇ ಅಳೆದ ಉದ್ದ 347 ಕಿ.ಮೀ. ಹತ್ತಿರ ಹತ್ತಿರ ಬೆಂಗಳೂರಿಂದ ಚೆನ್ನೈ. ಇದೇ ಜಾಲದಲ್ಲಿ ಓಯೋ ನೇಗ್ರೋ ಅನ್ನುವ ಗುಂಡಿಯಿದೆ, ಕಪ್ಪು ಗುಂಡಿ ಅಂತ ಅರ್ಥ. 2007ರಲ್ಲಿ ಡೈವರ್‌ಗಳು ಅದನ್ನು ಪತ್ತೆ ಮಾಡಿದರು. ಅದರ ತಳದಲ್ಲಿ ಹದಿಹರೆಯದ ಒಬ್ಬ ಹುಡುಗಿಯ ಎಲುಬುಗಳು ಸಿಕ್ಕವು. 12 ಸಾವಿರ ವರ್ಷಕ್ಕಿಂತ ಹಳೆಯವು. ಈಗ ಅವಳಿಗೆ ನಾಯಾ ಅಂತ ಹೆಸರು. ಒಣ ಗುಹೆಯಲ್ಲಿ ಕತ್ತಲೆಯಲ್ಲಿ ನಡೆಯುತ್ತಾ ಗುಂಡಿಗೆ ಬಿದ್ದಿರಬೇಕು, ಪಾಪ. ಅವಳಿಗೆ ಟಾರ್ಚೂ ಇಲ್ಲ, ಹಳದಿ ಹಗ್ಗವೂ ಇಲ್ಲ.

ರೈಲಿನ ಮಾತೂ ಬಂತು. ಕ್ಯಾಂಕೂನಿನಿಂದ ಟುಲೂಮ್ ಕಡೆಗೆ ಹಾಕಿದ ಟ್ರೆನ್ ಮಾಯಾ ಹಳಿಗೆ ಆಧಾರವಾಗಿ ನಿಲ್ಲಿಸಿದ ಉಕ್ಕಿನ ಕಂಬಗಳು ಕೆಲವು ಗುಹೆಗಳ ಚಾವಣಿ ತೂರಿ ಒಳಗೆ ಇಳಿದಿವೆ. ಅಲ್ಲಿನ ಡೈವರ್‌ಗಳೇ ಗುಹೆಗಳಿಗೆ ಹೋಗಿ ಅದರ ಚಿತ್ರ ತೆಗೆದು ತೋರಿಸಿದರು. ಗೈಡ್ ಇದನ್ನು ಹೇಳುವಾಗ ಮಾತ್ರ ಸ್ವಲ್ಪ ದನಿ ಏರಿಸಿದರು.

ಎರಡನೇ ಡೈವ್ ಬ್ಯಾಟ್ ಕೇವ್ ಲೈನ್. ಇದು ಮೊದಲಿನದಕ್ಕಿಂತ ಕತ್ತಲು, ಕಂಬಗಳ ಸಂದಿಯೂ ಕಿರಿದು. ಹೆದರಿಕೆ ಜಾಸ್ತಿ ಆಗಬೇಕಿತ್ತು. ಆಗಲಿಲ್ಲ. 5 ಕಿಲೋ ಇತ್ತು, ಜಾಕೆಟ್ಟಿನಲ್ಲಿ ಗಾಳಿ ಹೆಚ್ಚುಕಡಿಮೆ ಇರಲೇ ಇಲ್ಲ. ಉಸಿರು ಎಳೆದುಕೊಂಡರೆ ಒಂದು ಗೇಣು ಏರುತ್ತಿದ್ದೆ, ಬಿಟ್ಟರೆ ಒಂದು ಗೇಣು ಇಳಿಯುತ್ತಿದ್ದೆ. ಕೈ ಎದೆಯ ಮೇಲೆ ಕಟ್ಟಿಕೊಂಡೇ ಇದ್ದೆ. ಎದುರಿಗೆ ತೂಗುತ್ತಿದ್ದ ಒಂದು ಬಿಳಲನ್ನು ಬರೀ ಉಸಿರು ಬಿಟ್ಟು ಅದರ ಕೆಳಗೆ ನುಸುಳಿ ದಾಟಿದೆ. ಯಾರೂ ನೋಡಲಿಲ್ಲ. ನನಗೆ ಮಾತ್ರ ಗೊತ್ತು ಅದೆಷ್ಟು ಖುಷಿಯಾಯಿತು ಅಂತ. ನಾವು ಬಿಟ್ಟ ಗುಳ್ಳೆಗಳು ಚಾವಣಿಯಲ್ಲಿ ಸೇರಿಕೊಂಡು ಪಾದರಸದ ಹಾಗೆ ಹರಿದಾಡುತ್ತಿದ್ದವು.

ಅರ್ಧ ದಾರಿಯಲ್ಲಿ ಗುಹೆಯೊಳಗೇ ಒಂದು ಗಾಳಿಯ ಗುಮ್ಮಟ. ಮೇಲೆದ್ದು ಬಾಯಿಂದ ಉಸಿರಾಟದ ರೆಗ್ಯುಲೇಟರ್ ತೆಗೆದೆವು. ಬಾವಲಿಗಳ ಘಾಟು. ಹಂಪಿಯ ಹಾಳು ಮಂಟಪಗಳಲ್ಲಿ ಬರುತ್ತದಲ್ಲ, ಅದೇ. ಎತ್ತರದಲ್ಲಿ ಒಂದು ತೂತು, ಅಲ್ಲಿಂದ ಒಂದು ಕೋಲು ಬಿಸಿಲು, ಕಾಡಿನ ಮರದ ಬೇರುಗಳು. ಒಂದೆರಡು ಬಾವಲಿ ಸುತ್ತು ಹಾರಿ ಮತ್ತೆ ನೇತುಬಿದ್ದವು. ಭಾವಮೈದ ಮೆಲ್ಲಗೆ ಕೇಳಿದ, ‘ಭಾವ, ಗಾಳಿ ಎಷ್ಟಿದೆ?’ ‘150’ ಅಂದೆ. ‘ಬೆಳಿಗ್ಗೆ ಎಲ್ಲಿ ಬಿಟ್ಟು ಬಂದಿದ್ರಿ ಇದನ್ನ?’ ಅಂದ. ಗೈಡ್‌ಗೆ ಕನ್ನಡ ಬರುವುದಿಲ್ಲ, ಆದರೂ ನಕ್ಕರು.

ಮಾರನೇ ದಿನ ವಿಮಾನ ಹತ್ತಬೇಡಿ, ಕಡೇಪಕ್ಷ 18 ಗಂಟೆ ತಡೆಯಿರಿ ಅಂತ ಅವರು ಎಚ್ಚರಿಸಿದ್ದರಿಂದ ಇನ್ನೊಂದು ದಿನ ಟುಲೂಮ್‌ನಲ್ಲೇ ಉಳಿದೆವು. ರಾತ್ರಿ ಕೂತು ಲಾಗ್ ಬುಕ್ ತುಂಬಿದೆ. ‘5 ಮಿ.ಮೀ. ಸೂಟ್, ಸಿಹಿನೀರು, 5 ಕಿಲೋ. ಕೈ ಕಟ್ಟಿದ್ದೆ.’ ಭಾವಮೈದನ ಪುಸ್ತಕ ಪಕ್ಕದಲ್ಲೇ ತೆರೆದಿತ್ತು. ಇಣುಕಿದೆ. ಮೊದಲ ಡೈವಿನ ಎದುರಿಗೆ ಒಂದೇ ಸಾಲು: ‘ಗೊಂಬೆ ಕಾಣಲಿಲ್ಲ. ಭಾವನ ಕೃಪೆ.’