ಬ್ರಾಯ್ಲರ್ ಮರಿಗಳಿಗೆ ಜೋಡಿ ಲಸಿಕೆ: ನಾನು ಕೊಡುವ ಕ್ರಮ

"ಎರಡು ಲಸಿಕೆ ಒಂದೇ ಬಕೆಟಿಗೆ ಹಾಕಿದರೆ ಒಂದು ದಿನದ ಕೆಲಸ ಉಳಿಯುತ್ತದೆ ಅಲ್ವಾ?" ಕಾಸರಗೋಡಿನ ಬಾಯಾರು, ಪೈವಳಿಕೆ ಕಡೆ ಹೊಸದಾಗಿ ಕೋಳಿ ಸಾಕುವವರು ಇದನ್ನು ಕೇಳುತ್ತಲೇ ಇರುತ್ತಾರೆ. ಬೇಡ ಅಂತಲೇ ನಾನು ಹೇಳುವುದು. ಜೋಡಿ ಲಸಿಕೆ ಅಂದರೆ ತಯಾರಿಸಿದವರೇ ಒಂದು ಸೀಸೆಯಲ್ಲಿ ಸೇರಿಸಿ ಕೊಟ್ಟದ್ದು. ನಾವು ಕಲಸಿದ್ದಲ್ಲ.

ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಮತ್ತು ಐಬಿ (ಇನ್ಫೆಕ್ಷಿಯಸ್ ಬ್ರಾಂಕೈಟಿಸ್ ಎಂಬ ಕೋಳಿಗಳ ಉಸಿರಾಟದ ರೋಗ) ಎರಡಕ್ಕೂ ಸೇರಿದ ಜೀವಂತ ಲಸಿಕೆ ಸಿಗುತ್ತದೆ. ಎರಡು ವೈರಸ್ಸೂ ಮರಿಯ ಉಸಿರಿನ ನಾಳದಲ್ಲೇ ಬೆಳೆಯುತ್ತವೆ. ಐಬಿ ಜಾಸ್ತಿಯಾದರೆ ರಾಣಿಖೇತ್ ಲಸಿಕೆ ಹಿಡಿಯುವುದಿಲ್ಲ. ಜೋಡಿ ಸೀಸೆಯಲ್ಲಿ ಆ ಪ್ರಮಾಣ ಹೊಂದಿಸಿರುತ್ತಾರೆ. ಬೇರೆ ಬೇರೆ ಸೀಸೆ ಕಲಸಿದರೆ ಆ ಲೆಕ್ಕ ಯಾರ ಕೈಯಲ್ಲೂ ಇರುವುದಿಲ್ಲ.

ಇದನ್ನು 5ರಿಂದ 7ನೇ ದಿನದೊಳಗೆ ಕಣ್ಣಿಗೆ ಹನಿ ಹಾಕಿ ಕೊಡುತ್ತೇನೆ. 1000 ಮರಿಯ ಸೀಸೆಗೆ 30 ಮಿಲಿ ದ್ರಾವಣ, ಮರಿಗೆ ಒಂದೇ ಹನಿ. ಹನಿ ಒಳಗೆ ಇಳಿಯುವವರೆಗೆ ಮರಿಯನ್ನು ಬಿಡುವುದಿಲ್ಲ. ಅವಸರ ಮಾಡುವ ಕೆಲಸದವರಿಗೆ ಈ ಹೊತ್ತಿನಲ್ಲಿ ಬೇರೆ ಕೆಲಸ ಕೊಡುವುದೇ ಒಳ್ಳೆಯದು. ಸೀಸೆ ಐಸ್ ಡಬ್ಬದಲ್ಲೇ ಇರಬೇಕು. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಸುತ್ತ ರೋಗ ಇದ್ದರೆ ಡಾಕ್ಟರನ್ನು ಕೇಳಿ, ಅದೇ ದಿನ ಕುತ್ತಿಗೆಯ ಚರ್ಮದ ಕೆಳಗೆ ರಾಣಿಖೇತಿನ ನಿರ್ಜೀವ ಲಸಿಕೆಯನ್ನೂ ಚುಚ್ಚುತ್ತೇನೆ. ಅದರಲ್ಲಿ ಬೆಳೆಯುವ ವೈರಸ್ ಇಲ್ಲ, ಹಾಗಾಗಿ ಕಣ್ಣಿನ ಹನಿಗೆ ಅಡ್ಡ ಬರುವುದಿಲ್ಲ.

ಗಂಬೋರೊ, ಅಂದರೆ ಮರಿಗಳ ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುವ ವೈರಸ್ ರೋಗ; ಅದರ ಲಸಿಕೆಗೆ ಮಾತ್ರ ಬೇರೆಯೇ ದಿನ. ಸುಮಾರು 14ನೇ ದಿನ, ಕುಡಿಯುವ ನೀರಿನಲ್ಲಿ. ಈ ಲಸಿಕೆ ಮರಿಯ ರೋಗನಿರೋಧಕ ಅಂಗಕ್ಕೇ ಹೋಗಿ ಸೇರುತ್ತದೆ. ಆ ಹೊತ್ತಿಗೆ ಬೇರೆ ಲಸಿಕೆ ಬಿದ್ದರೆ ಚೆನ್ನಾಗಿ ಹಿಡಿಯದೆ ಹೋಗಬಹುದು. ಅದಕ್ಕೇ ಒಂದು ವಾರದ ಅಂತರ ಬಿಡುತ್ತೇನೆ.

ನೀರಿನ ವಿಷಯದಲ್ಲಿ ನಮ್ಮೂರಿನವರಿಗೆ ಅನುಕೂಲ ಇದೆ. ಗುಡ್ಡ ಕೊರೆದ ಸುರಂಗದ ನೀರಿಗೆ ನಾವು ಬ್ಲೀಚಿಂಗ್ ಪೌಡರ್ ಹಾಕುವುದಿಲ್ಲ. ಕ್ಲೋರಿನ್ ಇದ್ದರೆ ಲಸಿಕೆಯ ವೈರಸ್ ಸತ್ತೇ ಹೋಗುತ್ತದೆ. ಆದರೂ ಲೀಟರಿಗೆ 2.5 ಗ್ರಾಂ ಕೆನೆ ತೆಗೆದ ಹಾಲಿನ ಪುಡಿಯನ್ನು ಮೊದಲೇ ಕರಗಿಸುತ್ತೇನೆ. ಮರಿಗಳಿಗೆ ಬಾಯಾರಿಕೆ ಬರಲಿ ಎಂದು ಬೇಸಗೆಯಲ್ಲಿ ಒಂದು ಗಂಟೆ, ಮಳೆಗಾಲದಲ್ಲಿ ಎರಡು ಗಂಟೆ ನೀರು ನಿಲ್ಲಿಸುತ್ತೇನೆ. ಡ್ರಿಂಕರ್ ಸಾಕಷ್ಟು ಇಡಿ. ಕಡಿಮೆಯಾದರೆ ಬಲವಾದ ಮರಿಗಳೇ ಎಲ್ಲಾ ಕುಡಿದುಬಿಡುತ್ತವೆ.

ಮುಗಿದ ಮೇಲೆ ಖಾಲಿ ಸೀಸೆಗಳನ್ನು ಕುದಿಯುವ ನೀರಿನಲ್ಲಿ ಹಾಕಿ, ಆಮೇಲೆ ಹೂತುಬಿಡಿ. ಸೋಪಿನಿಂದ ಕೈ ತೊಳೆಯದೆ ಕಣ್ಣು ಉಜ್ಜಬೇಡಿ, ರಾಣಿಖೇತ್ ಲಸಿಕೆ ತಾಗಿದರೆ ನಮ್ಮ ಕಣ್ಣೂ ಕೆಂಪಾಗುತ್ತದೆ.