ಟ್ಯಾಂಕಿಲ್ಲದ ಟ್ಯಾಂಕ್ ರೇಡಿಯೊ: 19 ನಂಬರ್ ಸೆಟ್ ಬಯಲಿಗೆ ಬಂದಾಗ

ಒಂಟಾರಿಯೊದ ನಮ್ಮ ಬಡಾವಣೆಯ ಉದ್ಯಾನದಲ್ಲಿ ಮೊದಲ ಸಲ ವೈರ್‌ಲೆಸ್ ಸೆಟ್ ನಂಬರ್ 19 ಚಾಲೂ ಮಾಡಿ ಮೈಕಿನ ಗುಂಡಿ ಒತ್ತಿದಾಗ, ತುಟಿಗೆ ಕೆಂಜಿಗ ಕಚ್ಚಿದಂತೆ ಚುರುಕ್ಕೆಂದಿತು. ಮೀಟರಿನ ಮುಳ್ಳು ಏಳಲಿಲ್ಲ, ಯಾರೂ ಉತ್ತರಿಸಲಿಲ್ಲ. ಸೆಟ್ ಕೆಟ್ಟಿದೆಯೆಂದು ಮನೆಗೆ ತಂದು ಎರಡು ವಾರ ಅದರೊಳಗಿನ ವಾಲ್ವ್‌ಗಳನ್ನು, ಅಂದರೆ ಬಲ್ಬಿನಂಥ ಗಾಜಿನ ಕೊಳವೆಗಳನ್ನು, ಬದಲಿಸುತ್ತ ಕುಳಿತೆ. ಕೆಟ್ಟದ್ದು ಸೆಟ್ ಅಲ್ಲ, ಅದನ್ನು ಮರದ ಮೇಜಿನ ಮೇಲೆ ಒಂಟಿಯಾಗಿ ಇಟ್ಟ ನನ್ನ ಬುದ್ಧಿ.

ಎರಡನೇ ಮಹಾಯುದ್ಧದ ಈ ಸೆಟ್ ಟ್ಯಾಂಕಿಗೆಂದೇ ಹುಟ್ಟಿದ್ದು. ಆಂಟೆನಾದ ಅರ್ಧ ಮೇಲಿನ ಕೋಲಾದರೆ ಇನ್ನರ್ಧ ಟ್ಯಾಂಕಿನ ಉಕ್ಕಿನ ಮೈ. ಬಯಲಿಗೆ ತಂದವರು ಆ ಉಕ್ಕಿಗೆ ಬದಲಿ ಒದಗಿಸಬೇಕು. ಹವ್ಯಾಸಿಗಳು ಬಳಸುವ 7 ಮೆಗಾಹರ್ಟ್ಸ್ ಬ್ಯಾಂಡಿಗೆ (ಫ್ರೀಕ್ವೆನ್ಸಿ ಪಟ್ಟಿಗೆ) ಸುಮಾರು 10 ಮೀಟರ್ ಉದ್ದದ ನಾಲ್ಕು ತಂತಿಗಳನ್ನು ಹುಲ್ಲಿನ ಮೇಲೆ ನಾಲ್ಕು ದಿಕ್ಕಿಗೆ ಹಾಸಿ, ನಾಲ್ಕರ ತುದಿಯನ್ನೂ ಸೆಟ್ಟಿನ ಅರ್ತ್ ಮೊಳೆಗೆ ಬಿಗಿಯಿರಿ. ಅಷ್ಟೇ ಉದ್ದದ ಇನ್ನೊಂದು ತಂತಿಯನ್ನು ಮೇಪಲ್ ಕೊಂಬೆಯ ಮೇಲಿಂದ ಹಗ್ಗ ಎಸೆದು ಎತ್ತಿ ಕಟ್ಟಿದರೆ ಆಂಟೆನಾ ಸಿದ್ಧ. ಆಮೇಲೂ ಮೈಕು ಕಚ್ಚಿದರೆ ಅರ್ತ್ ಜೋಡಣೆ ಸಡಿಲವಿದೆ ಎಂದರ್ಥ.

ನನ್ನದು ಕೆನಡಾದಲ್ಲೇ ತಯಾರಾದ ಮಾರ್ಕ್ 3. ಸೋವಿಯತ್ ಸೇನೆಗೂ ಹೋಗುತ್ತಿದ್ದುದರಿಂದ ಗುಂಡಿಗಳ ಹೆಸರು ಇಂಗ್ಲಿಷಿನಲ್ಲೂ ರಷ್ಯನ್ನಿನಲ್ಲೂ ಇವೆ. 12 ವೋಲ್ಟ್ ಬ್ಯಾಟರಿ ದೊಡ್ಡದೇ ಬೇಕು, ಒಯ್ಯುವ ವೈರು ದಪ್ಪವಿರಬೇಕು. ಪವರ್ ಸಪ್ಲೈಯೊಳಗಿನ ತಿರುಗುವ ಯಂತ್ರ ಹಿಟ್ಟಿನ ಗಿರಣಿಯಂತೆ ಗುಯ್ಗುಟ್ಟುತ್ತದೆ. ಪಕ್ಕದ ಬೆಂಚಿನಲ್ಲಿ ಊಟಕ್ಕೆ ಕುಳಿತವರಿಂದ ದೂರ ಜಾಗ ಹಿಡಿಯುವುದು ಒಳ್ಳೆಯದು.

ಚಾಲೂ ಮಾಡಿದ ಕೂಡಲೇ ಮಾತಿಗೆ ಇಳಿಯಬೇಡಿ. ವಾಲ್ವ್‌ಗಳು ಕಾದು ಫ್ರೀಕ್ವೆನ್ಸಿ ಒಂದೆಡೆ ನಿಲ್ಲಲು ಇಪ್ಪತ್ತು ನಿಮಿಷವಾದರೂ ಬಿಡಿ. ನಾನು ಆ ಹೊತ್ತಿಗೆ ಫ್ಲಾಸ್ಕಿನ ಕಾಫಿ ಮುಗಿಸುತ್ತೇನೆ. ಇಲ್ಲಿ ಎಎಂ (ಈ ಸೆಟ್ ಮಾತು ಕಳಿಸುವ ಹಳೆಯ ವಿಧಾನ) ಬಳಸುವ ಹವ್ಯಾಸಿಗಳು ಸೇರುವುದು 7.290 ಮತ್ತು 3.885 ಮೆಗಾಹರ್ಟ್ಸ್‌ನಲ್ಲಿ. ಹಗಲಿಗೆ ಮೊದಲಿನದೇ ವಾಸಿ. ಡಯಲಿನ ಗೆರೆಯನ್ನು ನಂಬಬೇಡಿ. ಯಾರಾದರೂ ಮಾತನಾಡುವುದು ಕೇಳಿಸಿದಾಗ 'ನೆಟ್' ಸ್ವಿಚ್ ಹಿಡಿದು ಡಯಲನ್ನು ಕೂದಲೆಳೆಯಷ್ಟು ತಿರುಗಿಸಿ. ಕೀರಲು ಸಿಳ್ಳೆ ಕೇಳುತ್ತದೆ. ಅದು ಗೊಗ್ಗರಾಗುತ್ತ ಇಳಿದು ಗುಟುರಾಗಿ, ಕೊನೆಗೆ ಮಾಯವಾದ ಜಾಗದಲ್ಲಿ ಕೈ ತೆಗೆಯಿರಿ. ಈಗ ಅವರ ಫ್ರೀಕ್ವೆನ್ಸಿಯಲ್ಲೇ ನಿಮ್ಮ ದನಿಯೂ ಹೊರಡುತ್ತದೆ. ಈ ಸೆಟ್ಟಿನಲ್ಲಿ ನನಗೆ ಅತಿ ಪ್ರಿಯವಾದ ಕೆಲಸ ಇದು.

ನಂತರ ಮೀಟರನ್ನು ಆಂಟೆನಾ ಸ್ಥಾನಕ್ಕೆ ತಿರುಗಿಸಿ, ಗುಂಡಿ ಒತ್ತಿ, ಪಿಎ ಟ್ಯೂನಿಂಗ್ (ಪ್ರಸಾರದ ಶಕ್ತಿ ಹೆಚ್ಚಿಸುವ ಭಾಗದ ಹೊಂದಿಕೆ) ಮತ್ತು ವೇರಿಯೋಮೀಟರ್ (ಆಂಟೆನಾವನ್ನು ಸೆಟ್ಟಿಗೆ ಹೊಂದಿಸುವ ಸುರುಳಿ) ಎರಡನ್ನೂ ಸರದಿಯಂತೆ ಹೊಂದಿಸುತ್ತ ಮುಳ್ಳು ಅತಿ ಮೇಲೇರುವ ಜಾಗ ಹುಡುಕಿ. ನಿಧಾನ ಮಾಡಬೇಡಿ, ಹಾಗೆ ಒತ್ತಿ ಹಿಡಿದಷ್ಟು ಹೊತ್ತೂ ಪ್ರಸಾರದ ಶಕ್ತಿ ಕೊಡುವ 807 ವಾಲ್ವ್ ಬೇಯುತ್ತಿರುತ್ತದೆ.

ಹೊರಡುವುದು ಕೆಲವೇ ವ್ಯಾಟ್. ಹಾಗಾಗಿ ಕೂಗಿ ಕರೆಯುವುದಕ್ಕಿಂತ ನಡೆಯುತ್ತಿರುವ ಮಾತಿನ ನಡುವಿನ ಬಿಡುವಿನಲ್ಲಿ ಕರೆ ಸಂಕೇತ (ಹವ್ಯಾಸಿಯ ಗುರುತಿನ ಅಕ್ಷರಗಳು) ಹೇಳಿ ಕಾಯುವುದೇ ಫಲಿಸುತ್ತದೆ. ಮಾತಿನ ಆರಂಭದಲ್ಲಿ, ಕೊನೆಯಲ್ಲಿ, ನಡುವೆ ಅರ್ಧ ಗಂಟೆಗೊಮ್ಮೆ ಅದನ್ನು ಹೇಳಲೇಬೇಕೆಂಬುದು ಕೆನಡಾದ ನಿಯಮ. ಈ ಬ್ಯಾಂಡುಗಳಿಗೆ ಹವ್ಯಾಸಿ ರೇಡಿಯೊದ ಮೊದಲ ಹಂತದ ಪರೀಕ್ಷೆಯಲ್ಲಿ 80 ಶೇಕಡಾ ಅಂಕ ಬಂದರೆ ಸಾಕು, ಮೋರ್ಸ್ ಕಲಿಯಲೇಬೇಕೆಂದಿಲ್ಲ. ಸೆಟ್ಟಿನ 230 ಮೆಗಾಹರ್ಟ್ಸ್ ಆಸುಪಾಸಿನ 'ಬಿ' ಭಾಗವನ್ನು ಮುಟ್ಟಬೇಡಿ, ಅದು ಹವ್ಯಾಸಿಗಳಿಗೆ ಸೇರಿದ್ದಲ್ಲ.

ಪೆಟ್ಟಿಗೆಯೊಳಗೆ 500 ವೋಲ್ಟ್ ಇರುತ್ತದೆ. ಬಯಲಿನಲ್ಲಿ ಏನೇ ಕೆಟ್ಟರೂ ಮುಚ್ಚಳ ಬಿಚ್ಚುವುದಿಲ್ಲ ಎಂದು ನಾನು ಮೊದಲೇ ತೀರ್ಮಾನಿಸಿಯೇ ಹೊರಡುತ್ತೇನೆ. ಮಳೆ ಹನಿ ಬಿದ್ದರೆ ಆಗಲೇ ಬ್ಯಾಟರಿ ಕಳಚಿ. ಮನೆಗೆ ಹೊರಡುವ ಮುನ್ನ ನೆಲದ ತಂತಿ ಎಣಿಸಿಕೊಳ್ಳಿ. ಹೋದ ಬೇಸಿಗೆಯಲ್ಲಿ ನಾನು ಮೂರನ್ನಷ್ಟೇ ಸುತ್ತಿಕೊಂಡು ಬಂದಿದ್ದೆ, ನಾಲ್ಕನೆಯದು ಮರುದಿನ ಹುಲ್ಲು ಕತ್ತರಿಸುವ ಯಂತ್ರದ ಚಕ್ರದಲ್ಲಿ ಸಿಕ್ಕಿತು.