ಸಾಣೆಕಲ್ಲಿನ ಮೇಲೆ ಸಿಲ್ವರ್ ಓಕ್: ತಿರುಳಿನ ನಾರು, ತೊಗಟೆಯ ನಾರು

ನ್ಯೂಸ್‌ಪ್ರಿಂಟ್ ಕಾರ್ಖಾನೆಯಲ್ಲಿ ಪಲ್ಪ್, ಅಂದರೆ ಕಾಗದಕ್ಕೆ ಬೇಕಾದ ಮರದ ನಾರಿನ ಗಂಜಿ, ಮಾಡುವ ವಿಭಾಗ ಬಿಟ್ಟು ಸಕಲೇಶಪುರದ ತೋಟಕ್ಕೆ ಬಂದು ವರ್ಷಗಳಾದವು. ಈಗಲೂ ಮರ ಕಂಡರೆ ನನಗೆ ನೆನಪಾಗುವುದು ನಾರೇ. ಹೋದ ಬೇಸಿಗೆ ಕಾಫಿಗೆ ನೆರಳು ಜಾಸ್ತಿಯಾಯಿತೆಂದು ಹಳೆಯ ಸಿಲ್ವರ್ ಓಕ್ ಒಂದನ್ನು ಕಡಿಸಿದೆವು. ಬುಡದಿಂದ ಒಂದು ಬಿಲ್ಲೆ ಕೊಯ್ಯಿಸಿಕೊಂಡೆ. "ನಡುವಿನದು ತಾನೇ ಸಾರ್ ಬಲಿತಿರೋದು?" ಎಂದರು ನಮ್ಮ ಬಡಗಿ.

ನಡುವಿನದು ಹಳೆಯದು, ನಿಜ. ಆದರೆ ಅದು ಮರ ಇನ್ನೂ ಎಳೆಯದಾಗಿದ್ದಾಗ ಕಟ್ಟಿದ ನಾರು. ಗಿಡ್ಡ, ತೆಳು ಗೋಡೆಯದು. ವಯಸ್ಸಾದ ಮೇಲೆ ತೊಗಟೆ ಕಡೆ ಕಟ್ಟಿದ್ದು ಉದ್ದ, ದಪ್ಪ ಗೋಡೆಯದು. ಚೇಗು, ಅಂದರೆ ಕಾಂಡದ ನಡುವೆ ಬಣ್ಣ ತಿರುಗಿದ ಗಟ್ಟಿ ಮರ, ಬೇರೆ ವಿಷಯ. ನಡುವಿನ ಮರ ಚೇಗಾದರೆ ಬಣ್ಣ ಏರುತ್ತದೆ, ನಾರು ಉದ್ದವಾಗುವುದಿಲ್ಲ.

ಮಾತಲ್ಲಿ ಹೇಳಿದರೆ ಅವರು ನಂಬಲಿಲ್ಲ. ಕತ್ತಿ ಮಸೆಯುವ ಸಾಣೆ ಚಕ್ರ ಇತ್ತಲ್ಲ, ಅದನ್ನೇ ಹೊರಗೆ ತಂದೆ. ಕಾರ್ಖಾನೆಯ ಗ್ರೌಂಡ್‌ವುಡ್ ವಿಧಾನವೂ ಇಷ್ಟೇ: ತಿರುಗುವ ಒದ್ದೆ ಕಲ್ಲಿಗೆ ಮರ ಒತ್ತುವುದು. ಉಜ್ಜಾಟದ ಬಿಸಿಗೆ ನಾರುಗಳನ್ನು ಅಂಟಿಸಿರುವ ಲಿಗ್ನಿನ್ ಮೆತ್ತಗಾಗಿ ನಾರು ಬಿಡಿಸಿಕೊಳ್ಳುತ್ತದೆ. ಲಿಗ್ನಿನ್ ಪಲ್ಪಿನಲ್ಲೇ ಉಳಿಯುತ್ತದೆ. ಹಳೇ ಪೇಪರ್ ಬಿಸಿಲಿಗೆ ಹಳದಿಯಾಗುವುದು ಅದರಿಂದಲೇ.

ಮೊದಲ ದಿನ ಮಣ್ಣುಪಾಲು. ತುಂಡಿನ ತುದಿಯನ್ನು ಕಲ್ಲಿಗೆ ಒತ್ತಿಬಿಟ್ಟೆ. ನಾರು ತುಂಡಾಗಿ ಬರೀ ಪುಡಿ ಬಂತು. ಇಷ್ಟು ವರ್ಷ ಪಲ್ಪ್ ಕಂಡವನು ಮಾಡುವ ತಪ್ಪಾ ಇದು! ನಾರು ಕಲ್ಲಿನ ಅಚ್ಚಿಗೆ ಸಮಾನಾಂತರವಾಗಿ ಮಲಗಿರಬೇಕು. ಮರವೂ ಹಸಿಯಾಗಿರಬೇಕು, ಒಣಗಿದ್ದು ಮುರಿಯುತ್ತದೆ. ಮಾರನೇ ದಿನ ನಟ್ಟನಡುವಿನ ತಿರುಳಿನ ಪಕ್ಕದ ತುಂಡು, ತೊಗಟೆ ಪಕ್ಕದ ತುಂಡು, ಎರಡನ್ನೂ ಬೇರೆ ಬೇರೆ ಬಕೆಟ್ಟಿಗೆ ಉಜ್ಜಿದೆ. ಇನ್ನೊಬ್ಬರು ಹಿಡಿ ತಿರುಗಿಸಬೇಕು. ರಟ್ಟೆ ಬಿದ್ದುಹೋಗುತ್ತದೆ.

ಒಂದೊಂದು ಬಕೆಟ್ಟಿನ ನಾರಿನ ನೀರನ್ನು ಪಂಚೆ ಬಟ್ಟೆಯಲ್ಲಿ ಸೋಸಿ, ಉಳಿದ ನಾರನ್ನು ಹಾಳೆಯಾಗಿ ಒತ್ತಿ, ಒಣಗಿಸಿದೆ. ತಿರುಳಿನ ಹಾಳೆ ನುಣುಪು. ಬೆಳಕಿಗೆ ಹಿಡಿದರೆ ಆಚೆಯದು ಕಾಣಿಸದು. ತೆಳು ಗೋಡೆಯ ನಾರು ಚಪ್ಪಟೆಯಾಗಿ ಒಂದರ ಮೇಲೊಂದು ಒರಗಿಕೊಳ್ಳುತ್ತದೆ. ಜೊತೆಗೆ ಸಣ್ಣ ಚೂರುಗಳೂ ಸಂದು ತುಂಬಿರುತ್ತವೆ. ಆದರೆ ಎಳೆದರೆ ಪರ್ ಅಂತ ಹರಿಯಿತು. ತೊಗಟೆ ಕಡೆಯ ಹಾಳೆ ಒರಟು. ದಪ್ಪ ನಾರು ಕೊಳವೆ ಹಾಗೆ ಬಿಗಿದುಕೊಂಡೇ ಇರುತ್ತದೆ, ಬಗ್ಗಿಸಲು ಇನ್ನಷ್ಟು ಉಜ್ಜಬೇಕು. ಹರಿಯುವಾಗ ಮಾತ್ರ ನಾರು ಒಂದೊಂದಾಗಿ ಕಿತ್ತು ಬಂತು, ಅಂಚೆಲ್ಲ ಮೀಸೆ ಮೀಸೆ. ಮುದ್ರಣಕ್ಕೆ ಮೊದಲನೆಯದು ಚೆನ್ನ, ಮೆಷೀನಿನಲ್ಲಿ ಹರಿಯದೆ ಓಡಲು ಎರಡನೆಯದು. ಕಾರ್ಖಾನೆಯಲ್ಲಿ ಎರಡನ್ನೂ ಹದವಾಗಿ ಬೆರೆಸಬೇಕು. ಬಂದ ಲೋಡಿನಲ್ಲಿ ಯಾವುದು ಎಷ್ಟಿದೆ ಎಂದು ಗೊತ್ತಾಗದೆ ನಾವು ಒದ್ದಾಡುತ್ತಿದ್ದೆವು.

ಬಡಗಿ ಸುಮ್ನೆ ಒಪ್ಪುವವರಲ್ಲ. ಅದೇ ಮರದ ತುದಿಯ ಕಡೆಯದೊಂದು ತುಂಡು ತಂದರು. "ಇದೂ ಹಳೇ ಮರಾನೇ ಅಲ್ವಾ?" ತುದಿಯ ಕಾಂಡಕ್ಕೆ ಕೆಲವೇ ವರ್ಷ ವಯಸ್ಸು, ಹಾಗಾಗಿ ಪೂರ್ತಿ ಎಳೆಯ ನಾರೇ. ನಾನು ಬಾಯಿಬಿಡದೆ ಉಜ್ಜಿ ಹಾಳೆ ಮಾಡಿಕೊಟ್ಟೆ. ಅವರೇ ಎಳೆದರು. ಪರ್.